ಹಸಿರಿನೊಳಗಿಂದ ಕೈ

ಮತ್ತೆ ಹೊರಗೆ ಬಂತು ಕೈ, ಹಸಿರು ಬಟ್ಟೆಯ ಅಂಚಿನಿಂದ ನಾಲ್ಕು ಬೆರಳು, ಉಗುರಿನ ಸಂದಿಯಲ್ಲಿ ಟ್ರ್ಯಾಕ್ಟರಿನ ಗ್ರೀಸು, ನರ್ಸ್ ಎಷ್ಟು ಉಜ್ಜಿದರೂ ಹೋಗದ ಕಪ್ಪು, ಒಳಗೆ ಎಳ್ಕಳಲೇ ಓಬಳೇಶ, ಅಲುಗಾಡಬ್ಯಾಡ ಅಂತ ಹೇಳಿಲ್ವಾ ನಿಂಗೆ — ಬಾಯಿ ಬಿಟ್ಟು ಹೇಳಲಿಲ್ಲ ನಾನು, ಮುಖಕ್ಕೆ ಕಟ್ಟಿದ ಬಟ್ಟೆಯೊಳಗೇ ಅಂದುಕೊಂಡೆ, ಹೇಳಿದರೂ ಅವನಿಗೆ ಅರ್ಧ ಕೇಳಿಸುತ್ತದೆ ಅರ್ಧ ಇಲ್ಲ, ಮಂಪರಿನ ಔಷಧಿ ಕೊಟ್ಟಿದ್ದಾರೆ, ಕಣ್ಣಿಗೆ ಅಡ್ಡ ಹಸಿರು ಪರದೆ, ಪರದೆಯ ಆಚೆ ಡಾಕ್ಟರು ಸರ್ವಮಂಗಳ ಮೇಡಂ, ಅವನ ಬಲತೊಡೆಯ ಸಂದಿಯಿಂದ ಹೃದಯದವರೆಗೆ ತಂತಿ ಓಡಿಸಿಕೊಂಡು ನಿಂತಿದ್ದಾರೆ, ಈಚೆ ನಾನು, ನನ್ನ ಮೆಷಿನ್ನು. ಟಪ್ ಹುಸ್, ಟಪ್ ಹುಸ್. ಬಲೂನ್ ಪಂಪು. ಎಡತೊಡೆಯಿಂದ ತೂರಿಸಿದ ನಳಿಕೆಯ ತುದಿಗೆ ಎಳೇ ಪಡುವಲಕಾಯಿಯಷ್ಟು ಉದ್ದದ ಒಂದು ಬಲೂನು, ಎದೆಯ ದೊಡ್ಡ ರಕ್ತನಾಳದೊಳಗೆ ಮಲಗಿದೆ, ಹೃದಯ ಹಿಂಡಿ ಸಡಿಲಾದಾಗ ಅದು ಉಬ್ಬಬೇಕು, ಮತ್ತೆ ಹಿಂಡುವುದಕ್ಕೆ ಮೊದಲು ಕುಗ್ಗಬೇಕು, ಉಬ್ಬಿದಾಗ ರಕ್ತವನ್ನು ತಲೆಗೂ ಹೃದಯಕ್ಕೂ ತಳ್ಳುತ್ತದೆ, ಕುಗ್ಗಿದಾಗ ಹೃದಯದ ಮುಂದೆ ದಾರಿ ಬಿಡುತ್ತದೆ, ಅಷ್ಟೇ ಅದರ ಕೆಲಸ, ಆದರೆ ಹೊತ್ತು ತಪ್ಪಿತೋ ಉಪಕಾರ ಹೋಗಿ ಉಪದ್ರವ. ಹೊತ್ತು ತಪ್ಪದ ಹಾಗೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ಅಂದರೆ ಕತೆ ಇಷ್ಟು, ಪರಶುರಾಂಪುರದ ಓಬಳೇಶನ ಎದೆಬಡಿತಕ್ಕೆ ಕೊಂಡ್ಲಹಳ್ಳಿಯ ಬಾಲರಾಜ ತಾಳ ಹಾಕಬೇಕು. ನಗು ಬರಬೇಕಿತ್ತು. ನಗು ಎಲ್ಲಿಂದ ಬಂದೀತು, ಹೊಟ್ಟೆಯೊಳಗೆ ಕೊಳ್ಳಿ ಇಟ್ಟ ಹಾಗೆ ಆಗುತ್ತಿದೆ. ಈ ಬೆಂಗಳೂರಿಗೆ ಬಂದ ಮೇಲೆ ಯಾರು ಯಾರ ಬಡಿತಕ್ಕೆ ತಾಳ ಹಾಕಿಲ್ಲ ನಾನು, ಹೆಸರು ಕೂಡ ಕೇಳದೆ ಹಾಕಿದ್ದೇನೆ, ಬೇಕಾದವರಿಗೆ ಹಾಕುತ್ತೇನೆ, ಇವನಿಗೆ ಯಾಕೆ ಹಾಕಬೇಕು, ಇವನು ನನ್ನ ಚಿತ್ರಾಳನ್ನು ಕಟ್ಟಿಕೊಂಡವನು.

ನನ್ನ ಚಿತ್ರಾ — ನೋಡು, ಇನ್ನೂ ನನ್ನ ಚಿತ್ರಾ ಎಂದೇ ಬರುತ್ತದೆ. ನನ್ನಪ್ಪನ ತಂಗಿ ಜಯಕ್ಕತ್ತೆಯ ಮಗಳು, ಸೋದರತ್ತೆ ಮಗಳು ಎಂದರೆ ನಮ್ಮ ಕಡೆ ಬೇರೆ ಮಾತೇ ಬೇಡ, ತೊಟ್ಟಿಲಿಗೆ ಹಾಕಿದ ದಿನವೇ ಇವಳು ನಮ್ಮ ಬಾಲಂಗೆ ಎಂದು ಹೇಳಿದ್ದರಂತೆ, ಅವ್ವ ಎಷ್ಟು ಸಲ ಹೇಳಿದಳೋ ನಾನು ಎಷ್ಟು ಸಲ ಕೇಳಿಸಿಕೊಂಡೆನೋ. ನನ್ನನ್ನು ಬಾವ ಎನ್ನುತ್ತಿದ್ದಳು. ರಜದಲ್ಲಿ ಪರಶುರಾಂಪುರಕ್ಕೆ ಹೋದರೆ ಹಟ್ಟಿಯ ಬೇಲಿ ದಾಟುವ ಮೊದಲೇ ಕೂಗು, ಬಾವ ಬಂತು, ಬಾವ ಬಂತು, ಕುರಿಮರಿಗಳು ಸಹ ಬೆದರಿ ನೋಡುತ್ತಿದ್ದವು. ಮೊನ್ನೆ ಫೋನಿನಲ್ಲಿ ಅದೇ ದನಿ, ಸ್ವಲ್ಪ ಒಡೆದಿತ್ತು ಅಷ್ಟೇ, ಹಲೋ ಅನ್ನುವುದರೊಳಗೇ ಗುರುತು ಹಿಡಿದೆ, ಇಷ್ಟು ವರ್ಷಕ್ಕೆ ನನ್ನ ನೆನಪಾಯಿತಲ್ಲ ಇವಳಿಗೆ ಎಂದುಕೊಂಡೆ, ಆಮೇಲೆ ಅವಳು ಅಂದಳು, ಬಾಲರಾಜಣ್ಣ, ನಾನು ಚಿತ್ರಾ. ಅಣ್ಣ! ನಾನು ಯಾವಾಗ ಅಣ್ಣನಾದೆ ತಾಯಿ, ಯಾರು ಮಾಡಿದರು ನನ್ನನ್ನು ಅಣ್ಣ, ಒಂದು ಮಾತು ನನ್ನನ್ನು ಕೇಳಿದಿರಾ. ಇವ್ರಿಗೆ ಎದೆ ಒಂದೇ ಸಮ ಓಡ್ತೈತಣ್ಣ, ಚಳ್ಳಕೆರೆ ಆಸ್ಪತ್ರೆಯಾಗೆ ಕರೆಂಟ್ ಕೊಟ್ಟು ನಿಲ್ಸಿದ್ರು, ಮನಿಗೆ ಬಂದ್ವಿ, ಮತ್ತೆ ಹಂಗೇ ಆತು, ಬೆಂಗಳೂರಿಗೆ ಕರ್ಕಂಡು ಹೋಗ್ರಿ ಅಂತಾರೆ, ನಮಗೆ ಅಲ್ಲಿ ಯಾರು ಅದಾರೆ ಹೇಳು, ನೀನೇ ಅಲ್ವಾ. ಇವ್ರು. ಇವ್ರು ಎನ್ನುವಾಗ ದನಿ ಎಷ್ಟು ಮೆತ್ತಗಾಗುತ್ತದೆ. ಕರ್ಕಂಡು ಬಾ ಅಂದೆ. ಮತ್ತೇನು ಅನ್ನಲಿ. ಎರಡು ವರ್ಷದ ಕೆಳಗೆ ಅವನಿಗೆ ಹೃದಯಾಘಾತ ಆಗಿತ್ತಂತೆ, ಶೇಂಗಾ ಲೋಡು ಮಾಡುವಾಗ, ಗಟ್ಟಿ ಜೀವ, ಬದುಕಿಕೊಂಡ, ಆದರೆ ಹೃದಯದ ಮಾಂಸದಲ್ಲಿ ಒಂದು ಗಾಯದ ಕಲೆ ಉಳಿಯಿತು, ಆ ಕಲೆಯ ಸುತ್ತ ವಿದ್ಯುತ್ತು ದಾರಿ ತಪ್ಪಿ ಗಾಣದೆತ್ತಿನ ಹಾಗೆ ಸುತ್ತುತ್ತದೆ, ಸುತ್ತಿದ್ದೇ ಸುತ್ತಿದ್ದು, ಹೃದಯ ಓಡುತ್ತದೆ, ರಕ್ತ ಮಾತ್ರ ಹರಿಯುವುದಿಲ್ಲ. ಆ ದಾರಿಯನ್ನು ಹುಡುಕಿ ಸುಟ್ಟುಬಿಡಬೇಕು. ಹುಡುಕಬೇಕಾದರೆ ಎತ್ತು ಸುತ್ತುತ್ತಿರಬೇಕು, ಅದಕ್ಕೇ ಮೇಡಂ ಬೇಕೆಂದೇ ಅದನ್ನು ಕೆರಳಿಸುತ್ತಾರೆ, ಕೆರಳಿದಾಗ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ಇಳಿಯದ ಹಾಗೆ ಹಿಡಿದುಕೊಳ್ಳುವುದು ನನ್ನ ಬಲೂನು. ನಿನ್ನೆ ಅವಳಿಗೆ ಮೇಡಂ ಇದನ್ನೆಲ್ಲ ಚಿತ್ರ ಬರೆದು ಹೇಳಿದರು, ಅವಳು ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದಳು, ನೀನು ಇರ್ತೀಯಲ್ಲಣ್ಣ ಒಳಗೆ ಅಂದಳು, ಇರ್ತೀನಿ ಅಂದೆ.

ಬಾಲರಾಜ್, ಶುರು ಮಾಡ್ತೀನಿ, ರೆಡೀನಾ. ರೆಡಿ ಮೇಡಂ. ಮಾನಿಟರಿನ ಮೇಲೆ ಗೆರೆ ಎಗರಿತು, ಒಂದು, ಎರಡು, ಹಿಡಿಯಲಿಲ್ಲ, ಇನ್ನೊಂದು ಸಲ ಮಾಡೋಣ, ಈಗ ಹಿಡಿಯಿತು, ಗೆರೆ ಗರಗಸದ ಹಲ್ಲಾಯಿತು, ಒತ್ತೊತ್ತಾಗಿ, ಬಿಪಿ ಇಳಿಯುತ್ತಿದೆ, ಇನ್ನೂ ಇಳಿಯುತ್ತಿದೆ, ಗುಂಡಿ ಒತ್ತಿದೆ, ಹೊತ್ತು ಸರಿಮಾಡಿದೆ, ಇಷ್ಟು ಜೋರು ಓಡುವ ಹೃದಯಕ್ಕೆ ಪ್ರತಿ ಬಡಿತಕ್ಕೂ ಬಲೂನು ಉಬ್ಬಲಾರದು, ಒಂದು ಬಿಟ್ಟು ಒಂದಕ್ಕೆ ಹಾಕಿದೆ, ಟಪ್ ಹುಸ್, ಟಪ್ ಹುಸ್, ನಿಂತಿತು, ಇಳಿಯುವುದು ನಿಂತಿತು. ಚೆನ್ನಾಗಿ ಹಿಡಿದಿದೆ, ಹಾಗೇ ಇರಲಿ, ಹುಡುಕ್ತೀನಿ ಅಂದರು ಮೇಡಂ. ಹುಡುಕಿ. ನಾನು ಹಿಡಿದಿರುತ್ತೇನೆ. ಹಿಡಿದುಕೊಳ್ಳುವ ಕೆಲಸ ಯಾವಾಗಲೂ ನನಗೆ, ತಿನ್ನುವ ಕೆಲಸ ಅವನಿಗೆ. ಕೈ ಮತ್ತೆ ಅಲುಗಿತು. ಬಟ್ಟೆಯ ಅಂಚಿನಲ್ಲಿ ಬೆರಳು ಏನನ್ನೋ ತಡಕುತ್ತಿದೆ. ಹಸಿರಿನೊಳಗಿಂದ ಕೈ. ಬೇಡ, ಅದನ್ನು ಈಗ ನೆನೆಯಬೇಡ, ಮಾನಿಟರು ನೋಡು, ಮಾನಿಟರು — ಹೊಂಗೆ ಸೊಪ್ಪಿನ ವಾಸನೆ ಈ ಸ್ಪಿರಿಟ್ಟಿನ ಕೋಣೆಗೆ ಎಲ್ಲಿಂದ ಬರಬೇಕು, ಬರುತ್ತದೆ, ನನಗೆ ಬರುತ್ತದೆ. ಚಿತ್ರಾ ಮೈನೆರೆದಳು ಎಂದು ಪರಶುರಾಂಪುರದಿಂದ ಬಸ್ಸಿನವನ ಕೈಯಲ್ಲಿ ಸುದ್ದಿ ಬಂದಿತ್ತು. ಹೆಣ್ಣು ಮೈನೆರೆದರೆ ಸೋದರಮಾವ ಹೋಗಿ ಸೊಪ್ಪಿನ ಗುಡ್ಲು ಹಾಕಬೇಕು, ಹುಡುಗಿ ಅದರೊಳಗೆ ಕೂರಬೇಕು, ಅವನು ಹಾಕದೆ ಅವಳು ಕೂರುವ ಹಾಗಿಲ್ಲ. ಸೋದರಮಾವ ಎಂದರೆ ನನ್ನಪ್ಪ ಮೂಡಲಗಿರಿಯಪ್ಪ, ಅವನಿಗೆ ಆಗ ಸೊಂಟ ಹಿಡಿದಿತ್ತು, ಒಂದು ಗೂಟ ನೆಟ್ಟು ಅಯ್ಯಪ್ಪಾ ಎಂದು ಜಗಲಿಯ ಮೇಲೆ ಕೂತ, ಉಳಿದಿದ್ದು ನೀನು ಕಟ್ಟಪ್ಪ, ನಾಳೆ ನಿಂದೇ ತಾನೆ ಅಂದ. ಎಲ್ಲರೂ ನಕ್ಕರು. ಜಯಕ್ಕತ್ತೆಯೂ ನಕ್ಕಳು. ನಾನು ಪಿಯುಸಿಯಲ್ಲಿ ಫೇಲಾಗಿ ತಲೆತಗ್ಗಿಸಿಕೊಂಡು ತಿರುಗುತ್ತಿದ್ದವನು, ಆವತ್ತು ತಲೆ ಎತ್ತಿದೆ. ನಾಳೆ ನಿಂದೇ ತಾನೆ. ಇದಕ್ಕಿಂತ ಏನು ಬೇಕಿತ್ತು, ಹಿರಿಯರೇ ಅಂದ ಮೇಲೆ ಹುಡುಗಿಯನ್ನು ಬೇರೆ ಕೇಳುತ್ತಾರಾ ಯಾರಾದರೂ, ಗುಡ್ಲು ಕಟ್ಟಿದವನಿಗೆ ಅವಳು ಎಂದೇ ನಾನು ನಂಬಿದ್ದು, ಗೂಟ ನೆಟ್ಟಷ್ಟೇ ಗಟ್ಟಿಯಾಗಿ.

ಸೊಪ್ಪು ತರಲು ಹಳ್ಳದ ದಂಡೆಗೆ ಹೋಗಬೇಕಿತ್ತು. ಓಬಳೇಶನ ಮನೆಯಲ್ಲಿ ಆಗಲೇ ಟ್ರ್ಯಾಕ್ಟರು, ಅವನಪ್ಪ ಶೇಂಗಾ ಹೇರಿಕೊಂಡು ಚಳ್ಳಕೆರೆ ಮಿಲ್ಲಿಗೆ ಹೋಗುವವನು, ಇವನ ಮೈಯೆಲ್ಲ ಯಾವಾಗಲೂ ಶೇಂಗಾ ಎಣ್ಣೆಯ ಕಮಟು, ನನ್ನದೇ ವಯಸ್ಸು, ರಜದ ಗೆಳೆಯ, ಹತ್ತಲೇ ಬಾಲ, ತಲಿಮ್ಯಾಲೆ ಹೊತ್ಕಂಡು ಬರಾಕಾಗ್ತೈತಾ ಅಂದ, ನಾನೇ ಹತ್ತಿದೆ, ಮೂರ್ಖ, ನಾನೇ ಅವನನ್ನು ಆ ಗುಡ್ಲಿನ ಹತ್ತಿರಕ್ಕೆ ಕರೆತಂದೆ. ಅವನು ಕೊಂಬೆ ಕಡಿದು ಎಸೆದ, ನಾನು ಕಟ್ಟಿದೆ. ಎಂಥ ಗುಡ್ಲು ಕಟ್ಟಿದೆ! ಹೊಂಗೆಯ ಮೇಲೆ ಲಕ್ಕಿ ಸೊಪ್ಪು, ಲಕ್ಕಿಯ ಮೇಲೆ ಮತ್ತೆ ಹೊಂಗೆ, ಒಂದು ಎಲೆಯಷ್ಟು ಸಂದಿ ಬಿಡಲಿಲ್ಲ, ಸಾಕು ಬಿಡಲೇ, ಒಳಗಿರೋಳಿಗೆ ಗಾಳಿ ಬ್ಯಾಡ್ವಾ ಅಂತ ಓಬಳೇಶ ಅಂದ, ಅವನು ಅಂದದ್ದಕ್ಕೇ ಇನ್ನೊಂದು ಸುತ್ತು ಕಟ್ಟಿದೆ, ನಿನಗ್ಯಾಕಲೇ ಅವಳ ಗಾಳಿ ಚಿಂತೆ, ಅವಳ ಮೇಲೆ ಬಿಸಿಲು ಬೀಳಬಾರದು, ಯಾರ ಕಣ್ಣೂ ಬೀಳಬಾರದು, ಮುಖ್ಯವಾಗಿ ನಿನ್ನ ಕಣ್ಣು ಬೀಳಬಾರದು. ಆಗಲೇ ಇತ್ತು ನೋಡು ಈ ಉರಿ. ಅವನು ಏನೂ ಮಾಡುವ ಮೊದಲೇ ಇತ್ತು. ಸಂಜೆಯಾಯಿತು. ಹೆಂಗಸರು ಆರತಿ ಎತ್ತಿ ಹಾಡು ಹೇಳಿ ಉಣ್ಣಲು ಎದ್ದು ಹೋದರು, ಅವ್ವ ಬೋರಕ್ಕ ಹೋಗುವಾಗ ನನ್ನ ಕಿವಿ ಹಿಂಡಿ ಹೇಳಿ ಹೋದಳು, ಗುಡ್ಲು ಕಟ್ಟಿದ್ದು ಮುಗೀತು, ಇನ್ನು ಸೊಪ್ಪು ಮುಟ್ಟಬ್ಯಾಡ, ಅವಳ ಕೈಲಿ ಏನೂ ಇಸ್ಕಬ್ಯಾಡ, ಮೈಲಿಗೆ ಆಗ್ತೈತೆ, ದೇವ್ರು ಸುಮ್ಕೆ ಇರಲ್ಲ. ನಾನೂ ಓಬಳೇಶನೂ ಗುಡ್ಲಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದೆವು. ಆಗ ಸೊಪ್ಪು ಸರಿಯಿತು. ಕೈ ಬಂತು. ಹಸಿರಿನೊಳಗಿಂದ ಒಂದು ಕೈ, ಮೊಣಕೈಯವರೆಗೆ ಅರಿಶಿನ, ಹೊಸ ಬಳೆ, ಅಂಗೈಯಲ್ಲಿ ಒಂದು ಚಿಗಳಿ, ಮೈನೆರೆದ ಹುಡುಗಿಗೆ ಎಳ್ಳು ಬೆಲ್ಲ ಕುಟ್ಟಿ ಕಟ್ಟಿಕೊಡುತ್ತಾರಲ್ಲ ಆ ಉಂಡೆ. ಮುಖ ಕಾಣಲಿಲ್ಲ, ಮಾತಿಲ್ಲ, ಕೈ ಮಾತ್ರ. ಅದು ನನಗೆ. ನನಗಲ್ಲದೆ ಯಾರಿಗೆ. ನನ್ನ ಕೈ ಎದ್ದಿತು ಕೂಡ, ಮೈಲಿಗೆ ಎಂದು ಅವ್ವನ ದನಿ, ಕೈ ಅಲ್ಲೇ ನಿಂತಿತು, ಗಾಳಿಯಲ್ಲಿ, ಅಷ್ಟರಲ್ಲಿ ಓಬಳೇಶ ನಕ್ಕು, ಯಾವ ದೇವರ ಹೆದರಿಕೆಯೂ ಇಲ್ಲದೆ, ಆ ಕೈಯನ್ನೇ ಹಿಡಿದುಕೊಂಡ. ಉಂಡೆಯನ್ನಲ್ಲ, ಕೈಯನ್ನು, ಉಂಡೆಯ ಸಮೇತ. ಒಂದು ಗಳಿಗೆ ಹಿಡಿದೇ ಇದ್ದ. ಆಮೇಲೆ ಅರ್ಧ ಕಚ್ಚಿ ಉಳಿದರ್ಧ ನನ್ನ ಮುಂದೆ ಹಿಡಿದ, ತಗಳಲೇ, ಎಳ್ಳು ಶ್ಯಾನೆ ಚೆನ್ನಾಗೈತೆ. ಬ್ಯಾಡ ಅಂದೆ. ಬ್ಯಾಡ ಅಂದರೆ ಬ್ಯಾಡ ಬಿಡು ಎಂದು ಅದನ್ನೂ ತಿಂದ. ಆ ಬಾಯಿ ಚಪ್ಪರಿಸಿದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇಲ್ಲೇ ಎಲ್ಲೋ ಇದೆ ಅನ್ನುತ್ತಿದ್ದಾರೆ ಮೇಡಂ, ಕಲೆಯ ಕೆಳಗಿನ ಅಂಚು, ಸಿಕ್ಕ ಹಾಗೆ ಸಿಕ್ಕಿ ಜಾರಿಕೊಳ್ತಿದೆ, ಬಿಪಿ ಹೇಗಿದೆ, ನಿಂತಿದೆ ಮೇಡಂ. ನಿಂತಿದೆ. ನನ್ನ ಬಲೂನು ಅವನ ಜೀವವನ್ನು ಸೊಂಟ ಹಿಡಿದು ನಿಲ್ಲಿಸಿದೆ, ಚಿತ್ರಾ ಹೊರಗೆ ಬೆಂಚಿನ ಮೇಲೆ ಕೂತು ದೇವರಿಗೆ ಹರಕೆ ಹೊರುತ್ತಿದ್ದಾಳೆ, ಹರಕೆ ನನಗೆ ಹೊರು ತಾಯಿ, ಇಲ್ಲಿ ಗುಂಡಿ ಒತ್ತುತ್ತಿರುವವನು ನಾನು. ಹೊರುತ್ತಾಳಾ. ನನ್ನ ಗೂಟ ಕಿತ್ತು ನನ್ನ ಸೊಪ್ಪು ಕೊಳ್ಳಿಯಿಟ್ಟು ಸುಟ್ಟರು, ಶಾಸ್ತ್ರ ಮುಗಿದ ಮೇಲೆ ಗುಡ್ಲು ಸುಡುವುದೇ ಪದ್ಧತಿ, ನನಗೆ ಅದೂ ಆಗ ತಿಳಿಯಲಿಲ್ಲ. ನಾಲ್ಕು ವರ್ಷ ಕಾದೆ. ಜಯಕ್ಕತ್ತೆ ಒಂದು ದಿನ ಕೊಂಡ್ಲಹಳ್ಳಿಗೆ ಬಂದು ಅಡಿಗೆಮನೆಯಲ್ಲಿ ಕೂತು ಅತ್ತಳು, ಏನು ಮಾಡ್ಲಿ ಅಣ್ಣ, ಹುಡುಗಿ ಓಬಳೇಶನ್ನೇ ಆಗ್ತೀನಿ ಅಂತಾಳೆ, ಹೊಡೆದೆ, ಬೈದೆ, ಹಟ ಬಿಡವಲ್ಲಳು, ಅವರೂ ನಮ್ಮ ಜಾತಿಯೋರೇ, ಬೆಡಗು ಬೇರೆ, ಕೊಡಬಾರ್ದು ಅನ್ನಂಗಿಲ್ಲ. ಅಪ್ಪ ಒಳ್ಳೆಯವನಾಗಲು ಹೊರಟ, ಅವನಿಗೆ ಯಾವಾಗಲೂ ಅದೇ ಚಟ, ಆಗ್ಲೇಳಮ್ಮ, ಹೆಣ್ಣಿನ ಮನಸು ಅಂದ. ಗಂಡಿನ ಮನಸು? ಅದನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೆ ಹೋಗಲಿ, ಸೋದರಮಾವನ ಸೀರೆ ಇಲ್ಲದೆ ಧಾರೆ ಆಗುವ ಹಾಗಿಲ್ಲವಲ್ಲ, ಅದನ್ನು ತರಲೂ ನಾನೇ ಆಗಬೇಕಿತ್ತು, ಅಪ್ಪನ ಸೊಂಟ, ಹಾಳು ಸೊಂಟ, ನನ್ನ ಬಾಳಿನಲ್ಲಿ ಆ ಸೊಂಟ ಮಾಡಿದಷ್ಟು ಅನ್ಯಾಯ ಯಾರೂ ಮಾಡಿಲ್ಲ. ಮೊಳಕಾಲ್ಮುರಿಗೆ ಹೋದೆ. ಓಣಿಯ ತುಂಬ ಮಗ್ಗದ ಸದ್ದು, ಒಂದು ಮನೆ ಹೊಕ್ಕೆ, ನೇಕಾರ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದ, ಲಾಳಿ ಆ ಕಡೆ ಈ ಕಡೆ ಓಡುತ್ತಿತ್ತು, ನನ್ನ ಮುಖ ನೋಡಿ ತೆಲುಗಿನಲ್ಲಿ ಕೇಳಿದ, ಎವರಿಕಯ್ಯಾ, ಪೆಂಡ್ಲಾನಿಕಾ, ಯಾರಿಗಪ್ಪ, ಹೆಂಡತಿಗಾ. ಹೌದು ಅಂದೆ. ಯಾಕೆ ಹಾಗಂದೆನೋ. ಆ ಮನೆಯಲ್ಲಿ ಇದ್ದಷ್ಟು ಹೊತ್ತು ಅವಳು ನನ್ನ ಹೆಂಡತಿಯಾಗಿದ್ದಳು. ಆಕೆ ಬಣ್ಣ ಹೆಂಗೆ, ಎಣ್ಣೆಗೆಂಪು, ಹಂಗಾದ್ರೆ ಇದು ಒಪ್ತೈತೆ ಎಂದು ಅವನೇ ಒಂದು ಸೀರೆ ಬಿಡಿಸಿ ಹಾಸಿದ, ಹೊಂಗೆ ಚಿಗುರಿನ ಬಣ್ಣ, ಅಂಚಿನ ತುಂಬ ಗಿಳಿ. ಧಾರೆಯ ಹೊತ್ತಿಗೆ ಅದನ್ನೇ ಉಟ್ಟಳು. ಅದರ ಸೆರಗಿನಿಂದ ಕೈ ಹೊರಗೆ ಬಂತು, ಮತ್ತೆ ಹಸಿರಿನೊಳಗಿಂದ ಕೈ, ಓಬಳೇಶ ಹಿಡಿದುಕೊಂಡ. ನಾನೇ ಕಟ್ಟಿದ ಸೊಪ್ಪು, ನಾನೇ ತಂದ ಸೀರೆ, ಎರಡು ಸಲವೂ ಕೈ ಹಿಡಿದವನು ಅವನು. ಅಕ್ಷತೆ ಹಾಕಿದೆ, ಹೋಳಿಗೆ ಉಂಡೆ, ಮಾರನೆಯ ದಿನ ಬೆಂಗಳೂರಿನ ಬಸ್ಸು ಹತ್ತಿದೆ. ಅವ್ವ ವರ್ಷಾನುಗಟ್ಟಲೆ ಹೆಣ್ಣು ತೋರಿಸಿ ತೋರಿಸಿ ಸೋತಳು, ಒಬ್ಬಳೂ ನನ್ನ ಕಣ್ಣಿಗೆ ಹಿಡಿಸಲಿಲ್ಲ —

ಸದ್ದಿಲ್ಲ. ಏನಿದು. ಟಪ್ ಇಲ್ಲ, ಹುಸ್ ಇಲ್ಲ. ಸಿಕ್ತು, ಸುಡ್ತಿದ್ದೀನಿ ಎಂದು ಮೇಡಂ ಅಂದಿದ್ದರಲ್ಲವೇ ಈಗ, ಅಂದರು, ಕಿವಿಗೆ ಬಿದ್ದಿತ್ತು, ಸುಡಲು ಶುರು ಮಾಡಿದರೆ ಹೃದಯದ ಗೆರೆ ಗಜಿಬಿಜಿಯಾಗುತ್ತದೆ, ಮೆಷಿನ್ನಿಗೆ ಬಡಿತ ಯಾವುದು ಎಂದು ತಿಳಿಯುವುದಿಲ್ಲ, ಅದಕ್ಕೇ ಮೊದಲೇ ಗೆರೆ ಬಿಡಿಸಿ ರಕ್ತದೊತ್ತಡದ ಅಲೆ ನೋಡಿಕೊಂಡು ಉಬ್ಬುವ ಹಾಗೆ ಬದಲಾಯಿಸಿ ಇಡಬೇಕು, ದಿನಾ ಮಾಡುವ ಕೆಲಸ, ಇವತ್ತು ಮಾಡಲಿಲ್ಲ, ಇವತ್ತು ನಾನು ಮೊಳಕಾಲ್ಮುರಿನಲ್ಲಿ ಸೀರೆ ನೋಡುತ್ತಿದ್ದೆ. ಬಲೂನು ಮುದುಡಿ ಬಿದ್ದಿದೆ ಅವನೊಳಗೆ. ಬಿಪಿ ಇಳಿಯುತ್ತಿದೆ. ಮೆಷಿನ್ನು ಕೀಂ ಎಂದು ಅರಚಲು ತೊಡಗಿತು. ಆಗ ಬಂತು ಆ ಮಾತು. ನಿಲ್ಲಲಿ. ಒಂದೇ ಮಾತು, ಪೂರ್ತಿ ಸ್ಪಷ್ಟ, ನನ್ನದೇ ದನಿಯಲ್ಲಿ, ನಿಲ್ಲಲಿ. ಅಯ್ಯೋ ಯಾರದು ಹಾಗಂದದ್ದು, ಯಾರು ಅಂದಿದ್ದು, ಬಾಲರಾಜ್ ಏನಾಯ್ತು ಎಂದು ಮೇಡಂ ಕೂಗುವಷ್ಟರಲ್ಲಿ ಕೈ ಒತ್ತಿಯಾಗಿತ್ತು, ನಾನು ಒತ್ತಲಿಲ್ಲ, ಕೈ ಒತ್ತಿತು, ಇಷ್ಟು ವರ್ಷದ ರೂಢಿಯ ಕೈ ನನ್ನ ಅಪ್ಪಣೆಗೆ ಕಾಯಲಿಲ್ಲ, ಟಪ್ ಹುಸ್, ಟಪ್ ಹುಸ್, ಬಂತು ಮೇಡಂ, ಬಂತು. ಬಿಪಿ ಹತ್ತಿತು. ಹೊರಗೆ ಬೆಂಚಿನ ಮೇಲೆ ಕೂತವಳಿಗೆ ಇದು ಗೊತ್ತಾದರೆ ಏನಂದಾಳು. ನೀನು ಇರ್ತೀಯಲ್ಲಣ್ಣ ಒಳಗೆ ಅಂದಿದ್ದಳು. ಛೀ. ನನ್ನ ಕೈ ನನಗಿಂತ ಒಳ್ಳೆಯದು ಎಂದು ಖುಷಿಪಡಲೇ, ಅದೂ ಅವರಿಬ್ಬರ ಕಡೆಗೇ ಸೇರಿಕೊಂಡಿತಲ್ಲ ಎಂದು ಉರಿದುಕೊಳ್ಳಲೇ, ಎರಡೂ ಆಗುತ್ತಿದೆ, ಒಟ್ಟಿಗೇ.

ಬೆಳಿಗ್ಗೆ ಅದನ್ನು ಕೇಳಬಾರದಿತ್ತು. ಕೇಳಿದ್ದಕ್ಕೇ ಇದೆಲ್ಲ. ಅವನನ್ನು ಗಾಲಿಮಂಚದ ಮೇಲೆ ಒಳಗೆ ತಳ್ಳಿಕೊಂಡು ಹೋಗುವಾಗ ಅವಳು ಅವನ ಹಣೆಯ ಮೇಲೆ ಕೈ ಇಟ್ಟಳು, ಹೆದರ್ಕಬ್ಯಾಡ್ರಿ, ನಮ್ಮ ಬಾಲರಾಜಣ್ಣ ಅದಾನೆ ಅಂದಳು, ಅವನು, ಈ ಗಂಡುಗಲಿ, ಮಕ್ಕಳ ಹಾಗೆ ಅವಳ ಸೆರಗು ಹಿಡಿದುಕೊಂಡಿದ್ದ, ಬಿಡಿಸಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಿತು. ಬಾಗಿಲು ಮುಚ್ಚಿತು. ಅವಳೂ ನಾನೂ ಇಬ್ಬರೇ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಇಬ್ಬರೇ. ಏನು ಹೇಳಬೇಕಿತ್ತು ನಾನು, ಧೈರ್ಯ ಹೇಳಬೇಕಿತ್ತು. ಹೇಳಲಿಲ್ಲ. ಆವತ್ತು ಗುಡ್ಲೊಳಗಿಂದ ಚಿಗಳಿ ಕೊಟ್ಟೆಯಲ್ಲ, ಯಾರಿಗೆ ಕೊಟ್ಟಿದ್ದು ಅಂದುಬಿಟ್ಟೆ. ಗಂಡ ಸಾವು ಬದುಕಿನ ಮಧ್ಯೆ ಇರುವಾಗ ಚಿಗಳಿ ಕೇಳುತ್ತಾನಲ್ಲ ಎಂದು ಅವಳು ನನ್ನನ್ನು ನೋಡಿದ ನೋಟ — ನಾಚಿಕೆಯಿಂದ ಹಿಡಿಯಷ್ಟಾಗಬೇಕಿತ್ತು, ಆಗಲಿಲ್ಲ, ಉತ್ತರಕ್ಕೇ ಕಾದು ನಿಂತೆ. ಯಾವ ಚಿಗಳಿ? ಅಯ್ಯೋ, ಅದಾ. ಅವಳ ಮುಖ ಸ್ವಲ್ಪ ಸಡಿಲವಾಯಿತು. ಕೊಡೋದೆಲ್ಲಿ ಬಂತಣ್ಣ, ಒಳಗಿಂದ ಏನು ಕಾಣ್ತಿತ್ತು ಅಂತೀಯ, ಗಾಳಿ ಸೈತ ಆಡದಂಗೆ ಕಟ್ಟಿದ್ದೆ ನೀನು, ಕಗ್ಗತ್ಲು, ಉಸಿರು ಕಟ್ತಿತ್ತು. ಎಲ್ರೂ ಉಣ್ಣಾಕೆ ಹೋದ್ರು, ಒಬ್ಳೇ ಕುಂತು ನಂಗೆ ದಿಗಿಲಾತು. ಹೊರಗೆ ಯಾರೋ ಇದ್ದಂಗಿತ್ತು. ಕೂಗಿದ್ರೆ ಬೈತಾರೆ. ಕೈಯಾಗೆ ಚಿಗಳಿ ಇತ್ತು, ಹಂಗೇ ಚಾಚ್ದೆ, ಯಾರಾದ್ರೂ ಆಗ್ಲಿ ಒಂದು ಕೈ ಸಿಕ್ರೆ ಸಾಕಾಗಿತ್ತು. ಯಾರೋ ಹಿಡ್ಕಂಡ್ರು. ಹಿಡ್ಕಂಡ ತಕ್ಷಣ ಎದಿ ತಣ್ಣಗಾತು ನೋಡು. ಆಮೇಲೆ ಗೊತ್ತಾತು, ಇವ್ರು ಅಂತ. ಅಷ್ಟೇ. ಅಷ್ಟು ಹೇಳಿ ಬೆಂಚಿನ ಮೇಲೆ ಕೂತಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಹೋಗಣ್ಣ, ನಿನ್ನ ಕಾಯ್ತಾ ಇರ್ತಾರೆ. ಅಷ್ಟೇ ಅಂತೆ. ನನಗೆ ಕೊಡಲಿಲ್ಲ, ಸರಿ, ಅವನಿಗೂ ಕೊಡಲಿಲ್ಲ. ಇಷ್ಟು ವರ್ಷ ನಾನು ಅವನನ್ನು ಯಾವುದಕ್ಕಾಗಿ ಬೈದುಕೊಂಡು ಮಲಗಿದೆನೋ ಅದು ಅವನಿಗೆ ಕೊಟ್ಟಿದ್ದೇ ಅಲ್ಲ. ಚಾಚಿದ್ದು, ಯಾರಿಗಾದರೂ. ನಾನು ಅಷ್ಟು ಒತ್ತಾಗಿ ಸೊಪ್ಪು ಕಟ್ಟದೆ ಒಂದು ಸಂದಿ ಬಿಟ್ಟಿದ್ದರೆ, ಅವಳಿಗೆ ನನ್ನ ಮುಖ ಕಾಣುತ್ತಿತ್ತು. ಕಟ್ಟಿಯಾದ ಮೇಲಾದರೂ, ಗಾಳಿಯಲ್ಲಿ ನಿಂತ ನನ್ನ ಕೈ ಒಂದು ಗೇಣು ಮುಂದೆ ಹೋಗಿದ್ದರೆ, ಒಂದೇ ಗೇಣು. ಮೈಲಿಗೆ ಆಗುತ್ತಿತ್ತು, ಒಂದು ಸ್ನಾನಕ್ಕೆ ಹೋಗುತ್ತಿತ್ತು. ಇದಕ್ಕಿಂತ ಅವಳು ಇವ್ರಿಗೇ ಕೊಟ್ಟೆ ಅಂದಿದ್ದರೆ ಚೆನ್ನಾಗಿತ್ತು. ಉರಿದುಕೊಂಡಾದರೂ ಇರುತ್ತಿದ್ದೆ.

ನಿಂತಿತು! ಮೇಡಂ ದನಿ, ನಿಂತಿತು ನೋಡಿ, ಸುಡ್ತಾ ಇದ್ದ ಹಾಗೇ ನಿಂತಿತು, ಗರಗಸದ ಹಲ್ಲು ಮಾಯವಾಗಿ ಗೆರೆ ತನ್ನ ಪಾಡಿಗೆ ನಡೆಯುತ್ತಿದೆ, ನಿಧಾನ, ಒಂದರ ಹಿಂದೆ ಒಂದು, ಸಂಜೆ ಮನೆಗೆ ಬರುವ ಕುರಿಗಳ ಹಾಗೆ. ಕೆರಳಿಸಿ ನೋಡ್ತೀನಿ ಇನ್ನೊಂದ್ಸಲ. ಕೆರಳಿಸಿದರು. ಕೆರಳಲಿಲ್ಲ. ಮತ್ತೆ. ಇಲ್ಲ. ಗಾಣ ನಿಂತಿದೆ, ಎತ್ತು ಹೋಗಿದೆ. ಬಾಲರಾಜ್, ಈಗ ಪ್ರತಿ ಬಡಿತಕ್ಕೂ ಹಾಕಿ, ಇವತ್ತು ರಾತ್ರಿ ಪಂಪ್ ಇರಲಿ, ನಾಳೆ ನೋಡಿ ತೆಗೆಯೋಣ, ಆಯ್ತು ಮೇಡಂ. ಬದುಕಿದ. ಹೋಗುತ್ತಾನೆ ಇವನು, ಪರಶುರಾಂಪುರಕ್ಕೆ, ಟ್ರ್ಯಾಕ್ಟರು ಹತ್ತುತ್ತಾನೆ, ಅವಳು ಬಿಸಿನೀರು ಕಾಸಿಡುತ್ತಾಳೆ, ಇವ್ರು ಎನ್ನುತ್ತಾಳೆ, ನಾನು ಇಲ್ಲೇ, ಇನ್ನೊಬ್ಬರ ಬಡಿತಕ್ಕೆ ತಾಳ. ಮೇಡಂ ಕೈಗವಸು ಬಿಚ್ಚುತ್ತಾ ಅವಳಿಗೆ ಹೇಳಲು ಹೊರಗೆ ಹೋದರು, ನಾನು ಹೇಳಬಹುದಾಗಿದ್ದ ಮಾತು ಅದು, ಅದೂ ಅವರ ಪಾಲಿಗೆ. ನರ್ಸ್ ತೊಡೆಯ ಹತ್ತಿರ ತಂತಿ ಎಳೆದು ಒತ್ತಿ ಹಿಡಿದಿದ್ದಾಳೆ. ಟಪ್ ಹುಸ್. ಕೈ. ಮತ್ತೆ ಹೊರಗೆ ಬಂದಿದೆ. ಈ ಸಲ ಪೂರ್ತಿ, ಮಣಿಕಟ್ಟಿನವರೆಗೆ, ಅಂಗೈ ಮೇಲೆ, ಬೆರಳು ನಡುಗುತ್ತಿವೆ, ಗಾಳಿಯಲ್ಲಿ ಏನನ್ನೋ ಹುಡುಕುತ್ತಿವೆ. ಮಂಪರು ಇಳಿಯುತ್ತಿದೆ, ಪರದೆಯೊಳಗೆ ಅವನಿಗೆ ಏನೂ ಕಾಣುವುದಿಲ್ಲ, ತಾನು ಬದುಕಿದೆನೋ ಸತ್ತೆನೋ ಅವನಿಗೆ ಗೊತ್ತಿಲ್ಲ. ಮುಟ್ಟಬಾರದು, ನಾನು ಗೌನು ತೊಟ್ಟವನಲ್ಲ, ಗೌನು ಕೈಗವಸು ಇಲ್ಲದವರು ಆ ಹಸಿರು ಬಟ್ಟೆಯ ಹತ್ತಿರ ಕೈ ಒಯ್ಯುವ ಹಾಗಿಲ್ಲ, ಮೊದಲ ದಿನ ಕಲಿಸಿದ ಪಾಠ. ಮುಟ್ಟಬ್ಯಾಡ ಎಂದು ಯಾರೋ ಕಿವಿ ಹಿಂಡಿದ ಹಾಗಾಯಿತು. ಬಲಗೈ ಮೆಷಿನ್ನಿನ ಮೇಲಿದೆ. ಎಡಗೈ ಎದ್ದಿದೆ, ಗಾಳಿಯಲ್ಲಿದೆ, ಒಂದು ಗೇಣು, ಯಾರೂ ಇಲ್ಲ ಪಕ್ಕದಲ್ಲಿ, ನಾನಲ್ಲದೆ ಯಾರೂ ಇಲ್ಲ — ಹಿಡಿದುಕೊಂಡೆ. ಒರಟು, ಬಿಸಿ, ಬೆವರು. ನನ್ನ ಬೆರಳನ್ನು ಅದು ಗಪ್ಪನೆ ಅವುಚಿಕೊಂಡಿತು. ಪರದೆಯೊಳಗಿಂದ ತೊದಲು ದನಿ, ಚಿತ್ರಾ? ಒಳಗಿದ್ದವರಿಗೆ ಹೊರಗೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಚಿತ್ರಾ? ಹ್ಞೂ ಅಂದೆ. ಕೈಯ ನಡುಕ ನಿಂತಿತು. ಟಪ್ ಹುಸ್. ಹಸಿರಿನೊಳಗಿಂದ ಕೈ, ಉಗುರಿನ ಸಂದಿಯಲ್ಲಿ ಕಪ್ಪು, ನನ್ನ ಕೈ ಹಿಡಿದಿದೆ, ಬಿಡುತ್ತಿಲ್ಲ, ಹಸಿರಿನೊಳಗಿಂದ ಕೈ